ಹೆಸರು ಅಳಿಸುವ ಕೆಲಸ

ಚೊಡಣ ದ್ವೀಪಕ್ಕೆ ಬಂದ ಹೊಸತರಲ್ಲಿ
ಫೆರಿಯ ಹುಡುಗ ಹೇಳಿದ್ದ: ನಿಮ್ಮ ಕೋಣೆ ಮಾನಸದ ಪಕ್ಕ.
ಮನಸ್ಸಿನ ಪಕ್ಕ ಮನೆ! ಕನ್ನಡದ ಕಿವಿ
ಮುಂಗಡ ಕೊಟ್ಟೇಬಿಟ್ಟಿತು.
ಹೋಗಿ ನೋಡಿದರೆ, ತೂಬು.
ಹೊಳೆಯ ಉಪ್ಪು ಗದ್ದೆಗೆ ನುಗ್ಗದ ಹಾಗೆ
ಮರದ ಬಾಗಿಲು, ಬಾಗಿಲಿಗೆ ಕಚ್ಚಿದ ಚಿಪ್ಪು,
ಏಡಿಗೆ ಕಾದು ಕೂತ ಒಂದು ಬೆಳ್ಳಕ್ಕಿ.

ಉಬ್ಬರ ಬಂದರೆ ತಾನೇ ಮುಚ್ಚುತ್ತದೆ,
ಇಳಿತಕ್ಕೆ ತಾನೇ ತೆರೆಯುತ್ತದೆ.
ಮತ್ತೆ ನಿಮಗೇನು ಕೆಲಸ, ಅಂದೆ ಪೊಲಿಕಾರ್ಪರಿಗೆ.
‘ತಾನೇ ಆಗುವುದನ್ನು ನೋಡಿಕೊಳ್ಳುವುದು.’
ನನ್ನದೂ ಅದೇ ಅಂದೆ. ನಂಬಲಿಲ್ಲ.

ಮಾಪ್ಸಾದ ಆಸ್ಪತ್ರೆಯ ಎಪ್ಪತ್ತೊಂದು ಯಂತ್ರ.
ಹೀಗಿರಬೇಕು ಎಂದಷ್ಟೇ ಬರೆದಿಡುತ್ತೇನೆ:
ಈ ಫೈಲು ಇಲ್ಲಿರಲಿ, ಈ ಬಾಗಿಲು ಮುಚ್ಚಿರಲಿ,
ಗಡಿಯಾರ ಸರಿಯಿರಲಿ, ರಕ್ತನಿಧಿಯ ಪಟ್ಟಿ ಎಚ್ಚರವಿರಲಿ.
ಹೇಗೆ ಎಂದು ಬರೆಯುವುದಿಲ್ಲ.
ಅರ್ಧ ಗಂಟೆಗೊಮ್ಮೆ ಕೋಡು ಒಂದು ಸುತ್ತು ಹೋಗಿ
ಇದ್ದದ್ದು ಇದ್ದ ಹಾಗಿದ್ದರೆ
ಏನನ್ನೂ ಮುಟ್ಟದೆ ಮರಳುತ್ತದೆ.
ಅಮ್ಮ ರಾತ್ರಿ ಚಿಲಕವನ್ನು ಮೂರು ಸಲ ನೋಡುತ್ತಿದ್ದಳು;
ಎರಡು ಸಲ ದಂಡ ಎಂದು ನಗುತ್ತಿದ್ದೆವು.

ಹದಿಮೂರು ವರ್ಷ ಎಲ್ಲರೂ ಹಂಚಿ ಉಂಡ ಕೋಡು.
ಒಂದು ಮಂಗಳವಾರ ಕಂಪನಿಯ ಕಾಗದ:
ಇನ್ನು ಯಂತ್ರಕ್ಕಿಷ್ಟು, ವರ್ಷಕ್ಕಿಷ್ಟು.
ಸಿಸ್ಟರ್ ಎಮರೆನ್ಸಿಯಾನಾ ಮೊತ್ತ ಓದಿ
ಕನ್ನಡಕ ಒರೆಸಿ ಮತ್ತೊಮ್ಮೆ ಓದಿ
‘ಇದರಲ್ಲಿ ಎರಡು ಡಯಾಲಿಸಿಸ್ ಬರುತ್ತದಲ್ಲ ಬಾಯೇ’ ಅಂದರು.

ಹಾಗಾಗಿ ಕವಲು.
ಹಳೆಯ ಪರವಾನಗಿಯ ಕೊನೆಯ ದಿನದ ಪ್ರತಿಯನ್ನು
ಎತ್ತಿಕೊಂಡು ಹೊರಟ ಐದು ಜನ.
ಅವರದು ಅವರಲ್ಲಿ ಪೂರ್ತಿ ಇದೆ,
ನಮ್ಮದು ನಮ್ಮಲ್ಲಿ ಪೂರ್ತಿ ಇದೆ.
ಇಂಥ ಪಾಲು ಯಾವ ಅಣ್ಣತಮ್ಮಂದಿರಿಗೆ ಸಿಕ್ಕಿದೆ?

ಹೆಸರು ಮಾತ್ರ ಅವರದು.
ಅದು ನಮ್ಮ ಬಾಯಲ್ಲಿ ಬರಕೂಡದು ಎಂದರು ವಕೀಲರು.
ಸಂಬಳವಿಲ್ಲದ ರಾತ್ರಿಗಳಲ್ಲಿ
ಹತ್ತೊಂಬತ್ತು ಸಾವಿರ ಕಡೆ ಹೆಸರು ಅಳಿಸಿದೆವು.
ನಾಸಿಕದ ಕ್ಷಿತಿಜಾ, ಮಗು ಮಲಗಿದ ಮೇಲೆ, ಪರೀಕ್ಷೆ ಓಡಿಸುತ್ತಾಳೆ.
ಎಸ್ಟೋನಿಯಾದವನೊಬ್ಬ, ಮುಖ ಕಂಡಿಲ್ಲ,
ಅಲ್ಪವಿರಾಮಕ್ಕೂ ತಕರಾರು ತೆಗೆಯುತ್ತಾನೆ.
‘ಈ ಸಾಲು ಯಾಕಿದೆ ತಿಳಿಯದು, ತೆಗೆದರೆ ಕೆಡುತ್ತದೆ’
ಎಂದು ಎಂದೋ ಯಾರೋ ಬರೆದಿಟ್ಟಿದ್ದರು.
ನಾವೂ ತೆಗೆಯಲಿಲ್ಲ.

ಹೊಸ ಹೆಸರು ‘ಮಾನಸ’ ಇರಲಿ ಅಂದೆ.
ನಾಲ್ಕಕ್ಕೆ ಒಂದು ಮತದಲ್ಲಿ ಸೋತೆ.
ಈಗ ಇರುವ ಹೆಸರು ಹಲ್ಲುಪುಡಿಯ ಹೆಸರಿನಂತಿದೆ.

ಪೊಲಿಕಾರ್ಪರು ಹೇಳಿದ್ದು, ಬಲೆ ಕೊಡವುತ್ತ:
ಒಂದು ವರ್ಷ ತೂಬನ್ನು ಗುತ್ತಿಗೆ ಹಿಡಿದವನು
ಸಿಗಡಿಯ ಆಸೆಗೆ ಉಬ್ಬರದಲ್ಲೂ ಬಾಗಿಲು ತೆರೆದಿಟ್ಟ.
ಏರಿ ಒಡೆಯಿತು. ಮೂರು ಬೆಳೆ ಉಪ್ಪು.
ಆಮೇಲೆ ವಾಡೆಯ ಜನವೇ ಬುಟ್ಟಿ ಬುಟ್ಟಿ ಕೆಸರು ಹೊತ್ತು ಕಟ್ಟಿದರು.
ಕರೆದವರು ಯಾರು, ಅಂದೆ.
‘ಯಾರೂ ಇಲ್ಲ. ಹುಣ್ಣಿಮೆ ಹತ್ತಿರ ಬಂದಿತ್ತು.’

ನಿನ್ನೆಯೂ ಹುಣ್ಣಿಮೆ. ಎರಡೂ ಮುಕ್ಕಾಲಿಗೆ
ರಕ್ತನಿಧಿಯ ಯಂತ್ರ ಚೀರಿತು. ಪರದೆಯ ಮೇಲೆ
ಆ ಹಳೆಯ ಹೆಸರು! ನಾವ್ಯಾರೂ ಕಾಣದ ಮೂಲೆಯಲ್ಲಿ
ಒಂದೇ ಒಂದು ಉಳಿದುಕೊಂಡಿತ್ತು,
ಅಡಚಣೆಯಾದಾಗ ಮಾತ್ರ ಹೊರಬರುವ ಸಾಲಿನಲ್ಲಿ,
ನೋವಾದಾಗ ತವರಿನ ಮಾತು ಬರುವ ಹಾಗೆ.
ಬೆರಳು ತುಸು ತಡೆಯಿತು.
ಅಳಿಸಿದೆ. ಹತ್ತೊಂಬತ್ತು ಸಾವಿರದ ಒಂದು.
ತುಂಬಿದ್ದ ಡಿಸ್ಕನ್ನು ಖಾಲಿ ಮಾಡಿ ಮತ್ತೆ ಓಡಿಸಿದೆ.
ಇನ್ನೊಮ್ಮೆ ಓಡಿಸಿದೆ. ಬದಲಾದದ್ದು: ಸೊನ್ನೆ.

ಕಿಟಕಿಯಾಚೆ ಏರಿಯ ಮೇಲೆ ಟಾರ್ಚು.
ಮೊಣಕಾಲುದ್ದ ನೀರಲ್ಲಿ ಬಾಗಿ ಪೊಲಿಕಾರ್ಪರು
ಬಾಗಿಲ ಸಂದಿಗೆ ಜೇಡಿ ಮೆತ್ತುತ್ತಿದ್ದರು.
ನನ್ನ ದೀಪ ಕಂಡು ಕೂಗಿದರು:
ಏಡಿ ಸಿಕ್ಕಿದೆ, ಪಾತ್ರೆ ತಾ.