ನೆರಳು ಬೆಲೆ

ವಿನ್ನಿತ್ಸಿಯಾದ ಆಚೆ, ಹಳೆ ಸಕ್ಕರೆ ಕಾರ್ಖಾನೆಯ ಶೆಡ್ಡು.
ನಲವತ್ತೊಂದು ಟ್ಯಾಂಕು, ಆರು ಗುಂಡಿ, ಒಂದೇ ಕ್ರೇನು.
ಒರಿಸ್ಯಾ ರಾತ್ರಿಯಿಡೀ ಅಸಮತೆಗಳನ್ನು ಬರೆದಳು:
ಗೇರ್‌ಬಾಕ್ಸು ಒಂಬತ್ತನ್ನು ಮೀರದು,
ವೆಲ್ಡರು ಹನ್ನೆರಡು ತಾಸಿನಾಚೆ ನಿಲ್ಲಲಾರ,
ಯಾವುದೂ ಸೊನ್ನೆಗಿಂತ ಕೆಳಗಿಳಿಯದು.

ಬೆಳಗಿನ ಜಾವ ಉತ್ತರ ಬಂತು:
ಹದಿನೇಳನೆಯದನ್ನು ರಿಪೇರಿ ಮಾಡಬೇಡಿ.
ಬಿಚ್ಚಿ. ಅದರ ಕರುಳಿಂದ ಮೂರು ಎದ್ದು ನಡೆಯುತ್ತವೆ.

ಝೆನೋವಿ ಹಾಳೆ ನೋಡಿದ, ಗ್ರೀಸು ಮೆತ್ತಿದ ಹೆಬ್ಬೆಟ್ಟು ಒತ್ತಿದ;
ಒಪ್ಪಿದನೋ ಕೈ ಒರೆಸಿಕೊಂಡನೋ ತಿಳಿಯಲಿಲ್ಲ.
"ಇದರ ಚಾಲಕ ದಿನಾ ಫೋನು ಮಾಡ್ತಾನೆ,
ಆಸ್ಪತ್ರೆಯಿಂದ. ಎಡಗಾಲಿಲ್ಲ. ಕೇಳೋದು ಇದರ ಕ್ಲಚ್ಚು."

ಅವಳ ಗಣಿತದಲ್ಲಿ ಪ್ರತಿ ಕೊರತೆಗೂ ಒಂದು ನೆರಳು ಬೆಲೆ:
ಇನ್ನೊಂದು ಬೇರಿಂಗು ಸಿಕ್ಕರೆ ಎರಡೂಕಾಲು ದಿನ ಉಳಿತಾಯ,
ಇನ್ನೊಬ್ಬ ವೆಲ್ಡರು, ನಾಲ್ಕು.
ಇನ್ನೊಂದು ಕಾಲು ಎಂಬ ಸಾಲು
ಹಾಳೆಯಲ್ಲಿರಲಿಲ್ಲ.

ಮಧ್ಯಾಹ್ನ ಬಿಚ್ಚಿದರು.
ಸೀಟಿನಡಿ ಸಿಕ್ಕಿದ್ದು ಸೂರ್ಯಕಾಂತಿ ಬೀಜದ ಸಿಪ್ಪೆ, ಒಂದು ಬೊಗಸೆ,
ತೋರುಬೆರಳಲ್ಲಿ ತೂತು ಬಿದ್ದ ಉಣ್ಣೆ ಗವಸು.
ಫೋನು ಬಂತು. ಝೆನೋವಿ ಹೊರಗೆ ಹೋದ.
"ಕ್ಲಚ್ಚು ಚೆನ್ನಾಗಿದೆ," ಅಂದ.
ಸುಳ್ಳಲ್ಲ:
ಅದು ಆಗಲೇ ಇಪ್ಪತ್ತೆಂಟನೆಯದರ ಒಳಗಿತ್ತು.