ಆ ಕಡೆಯದು

ಚಿಂತಾಮಣಿಯ ಬಾಗೇಪಲ್ಲಿ ರಸ್ತೆ, ಪ್ಯಾರೇಜಾನನ ಶೆಡ್ಡು.
ಹಿಂಗಾಲು ಎತ್ತಿಸಿಕೊಂಡು ನಿಂತಿದೆ ನಮ್ಮ ಓಮ್ನಿ
ಲಾಳ ಹೊಡೆಸಿಕೊಳ್ಳುವ ಜಟಕಾ ಕುದುರೆಯ ಹಾಗೆ.
ಎರಡು ವರ್ಷ ಯಾರೂ ಹತ್ತಿರ ಸುಳಿದಿಲ್ಲ.
ಗಾಲಿ ಬಂತು. ಡ್ರಮ್ಮು ಬರಲಿಲ್ಲ.

ಡೀಸೆಲ್ ಬಿಟ್ಟ. ಬೀಡಿಗೆಂದು ದೂರ ಹೋಗಿ ಬಂದ.
ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಕಿವಿಗೊಟ್ಟ
ಹಲಸಿನಹಣ್ಣು ಕೊಳ್ಳುವವನಂತೆ.
ಠಣ್ ಅನ್ನಬೇಕು ಸಾರ್, ಇದು ದಪ್ ಅಂತದೆ,
ಒಳಗೆ ಏನೋ ತಬ್ಬಿಕೊಂಡದೆ.

ತುಕ್ಕು, ಎಂದೆ. ತುಕ್ಕೇ, ಎಂದ ಅವನೂ.
ತಪ್ಪೆಲ್ಲ ತುಕ್ಕಿನ ಮೇಲೆ ಹಾಕಿ ಇಬ್ಬರೂ ಬೆವೆತೆವು
ಹನ್ನೊಂದರಿಂದ ಒಂದರವರೆಗೆ.

ಟೀ ತಂದ ಹುಡುಗ ಚಲಪತಿ
ಸೀಟಿನ ಮೇಲೆ ಗ್ಲಾಸಿಡಲು ಬಗ್ಗಿದವನು ಕೇಳಿದ:
'ಅಣ್ಣಾ, ಹ್ಯಾಂಡ್‌ಬ್ರೇಕು ಎಳೆದೇ ಐತಲ್ಲ?'

ಪ್ಯಾರೇಜಾನ್ ನನ್ನ ಕಡೆ ನೋಡಿದ.
ನಾನು ಟೀಯ ಕಡೆ ನೋಡಿದೆ.

ಎಳೆದದ್ದು ನಾನೇ.
ಪುರಿ ಭಟ್ಟಿಯ ಪಾಲು ಹರಿದ ದಿನ
ಇಳಿಜಾರೂ ಅಲ್ಲದ ಅಂಗಳದಲ್ಲಿ
ವೇಮಣ್ಣ ಮುಟ್ಟಬಾರದು ಗಾಡಿ ಅಂತ
ಕಟಕಟ ಕಟಕಟ ಕೊನೆಯ ಹಲ್ಲಿನವರೆಗೂ.
ಬೀಗದ ಕೈ ನನ್ನ ಜೇಬಲ್ಲೇ ಇತ್ತು; ಆದರೂ
ಕೈಗೆ ಏನನ್ನಾದರೂ ಎಳೆಯಬೇಕಿತ್ತು.

ಈಗ ಬಿಟ್ಟೆ. ಲಿವರು ಬಿತ್ತು, ಕೇಬಲ್ಲು ಬರಲಿಲ್ಲ.
ಎಳೆದಷ್ಟು ಸಲೀಸಲ್ಲ.

ಹಿಂದಿನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ
ಕಣ್ಣು ಮುಚ್ಚಿ, ಹಲ್ಲೆಣಿಸಿ, ಶೂ ಸಡಿಲಿಸಿದ.
ಡ್ರಮ್ಮಿನ ಮುಖದ ಎರಡು ಖಾಲಿ ತೂತಿಗೆ ಎರಡು ಬೋಲ್ಟು.
ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು.
ನನ್ನ ಆತುರಕ್ಕೆ ಗದರಿದ:
ಒಂದನ್ನೇ ಬಿಗಿದರೆ ಓರೆಯಾಗಿ ಇನ್ನೂ ಕಚ್ಚುತ್ತೆ ಸಾರ್.
ಈ ಕಡೆ ಅರ್ಧ. ಆ ಕಡೆ ಅರ್ಧ.
ಅಚ್ಚಿನಿಂದ ಬೆಲ್ಲ ಬಿಡುವ ಹಾಗೆ ಕೂದಲೆಳೆಯ ಸಂದು,
ಆಮೇಲೆ ಉಗುರು ತೂರುವಷ್ಟು,
ಆಮೇಲೆ ಧಡ್ ಅಂತ ಅವನ ಮಡಿಲಿಗೇ.

ಊದಬೇಡಿ, ಎದೆಗೆ ಕೆಟ್ಟದ್ದು, ಎಂದು
ಕರಿ ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ.
ಹುಡಿಯಲ್ಲಿ, ಇಲಿ ತಂದಿತೋ ಗಾಳಿ ತಂದಿತೋ,
ಒಂದು ಪುರಿ. ಕಾಡಿಗೆ ಮೆತ್ತಿದಂತೆ ಕಪ್ಪು.
ಯಾರ ಪಾಲಿನದೆಂದು ಹೇಳಲಾಗದ್ದು.

ಡ್ರಮ್ಮಿನ ಅಂಚು ತೋರಿಸಿದ: ಸವೆದು ಸವೆದು
ಒಳಗೆ ತಗ್ಗಾಗಿ, ತುದಿಯಲ್ಲೊಂದು ಏರಿ ಉಳಿದಿದೆ.
ಹಿಡಿದದ್ದು ಅದು. ತುಕ್ಕು ಬರೀ ನೆಪ.

ಎಷ್ಟಾಯ್ತು, ಎಂದೆ.
'ಲೆಕ್ಕ ನಾಳೆ. ಆ ಕಡೆಯದು ಇನ್ನೂ ಅದೆ.'
ಕೈ ಒರೆಸಿಕೊಳ್ಳುತ್ತ, ಸುಮ್ಮನೆ ಎಂಬಂತೆ:
'ವೇಮಣ್ಣನೋರು ಎದುರಿನ ಹೋಟ್ಲಲ್ಲೇ ಕೂತವ್ರೆ,
ಹನ್ನೊಂದರಿಂದ.'