ಷರಾ

ಸ್ಥಳ: ಕೌಲ್ ಬಜಾರ್, ಶಾಲೆಯ ನೀರಿನ ಟ್ಯಾಂಕಿನ ಹಿಂದೆ.
ಸಮಯ: ಊಟದ ಗಂಟೆ. ಅವತ್ತು ಮೊಟ್ಟೆಯ ದಿನ.
ಇಲ್ಲಿಯತನಕ ಕೈ ನಡುಗದೆ ಬರೆದೆ.
ಮುಂದಿನ ಕಲಂ: ಘಟನೆಯ ಸ್ವರೂಪ.

'ಗಲಾಟೆ ಅಂತ ಹಾಕಿಬಿಡ್ರಿ ಮೇಡಂ,
ಐದನೇ ಕ್ಲಾಸಿನ ಹುಡುಗರು, ಮೀಸೆ ಬಂದಾವೇನು?'
ಸಿಆರ್‌ಪಿ ಫೋನಿನಲ್ಲಿ ನಕ್ಕರು.
ಅವರ ಹಿಂದೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಐದು ಹುಡುಗರು.
ಬಲಗೈ ಮಣಿಕಟ್ಟಿಗೆ ಜೀನ್ಸಿನ ಪಟ್ಟಿ,
ಅವರವರ ಮನೆಯ ಹೊಲಿಗೆ ಮಷೀನಿನ ಕೆಳಗೆ ಬಿದ್ದದ್ದು.
ಪಟ್ಟಿ ಕಂಡರೆ ನಾಲ್ಕನೇ ಕ್ಲಾಸು ದಾರಿ ಬಿಡುತ್ತದೆ.
ಅವರದೂ ಒಂದು ರಿಜಿಸ್ಟರ್ ಇತ್ತು,
ನನ್ನದಕ್ಕಿಂತ ನೀಟು, ಸ್ಕೇಲಿಟ್ಟು ಗೆರೆ ಎಳೆದದ್ದು:
ಯಾರು ಎಷ್ಟು ಚಿಕ್ಕಿ ಕೊಟ್ಟರು, ಯಾರ ಬಾಕಿ ಎಷ್ಟು.
ಮುಬೀನಾಳ ಹೆಸರಿನ ಮುಂದೆ 'ಹಳದಿ'.
ಮೊಟ್ಟೆಯ ಹಳದಿ ಅವರಿಗೆ, ಬಿಳಿ ಅವಳಿಗೆ.
'ಜೂನ್‌ನಿಂದ ಹಿಂಗಾ ಐತಿ ಟೀಚರ್' ಎಂದಳು
ಮಗ್ಗಿ ಒಪ್ಪಿಸುವ ದನಿಯಲ್ಲಿ.

ಪೋತಲಿಂಗನ ಹೆಸರಿನ ಮುಂದೆ ಏನೂ ಇರಲಿಲ್ಲ.
ಅವನ ತಟ್ಟೆಯದನ್ನು ಅವರು ಮುಟ್ಟುವುದಿಲ್ಲವಂತೆ.

ಅವನಿಂದ ಬೇರೆ ವಸೂಲಿ.
ಹಳೇ ಪ್ಯಾಂಟಿನ ಕಾಲನ್ನು ಉದ್ದಕ್ಕೆ ಸೀಳಿ
ಮೂರೆಳೆ ಹೆಣೆದು, ತುದಿಗೆ ಲೋಹದ ಗುಂಡಿ ಕಟ್ಟಿ
ಚಾಟಿ ಮಾಡಿದ್ದರು.
ಹೆಣಿಗೆ ಬಿಗಿಯಾಗಿತ್ತು. ಕ್ರಾಫ್ಟ್ ಪೀರಿಯಡ್ಡಿನಲ್ಲಿ
ನಾನೇ ಕಲಿಸಿದ ಜಡೆ.

'ನಿಮ್ಮಪ್ಪ ಬೆಂಗ್ಳೂರು ರೋಡಿನಾಗ ಹೊಡ್ಕೊಂತಾನಲ್ಲ,
ಹಂಗ ಕುಣಿ.'
ಒಬ್ಬ ಡಬ್ಬಿ ಉಜ್ಜಿದ, ಬುರ್ರ್ ಬುರ್ರ್.
ಅವನದೇ ತಟ್ಟೆಯನ್ನು ಅವನ ಕೈಯಿಂದಲೇ
ತಲೆಗೇರಿಸಿದರು, ದೇವಿಯ ಪೆಟ್ಟಿಗೆಯೆಂದು.
ಅಂಗಿ ಬಿಚ್ಚು ಎಂದವನು ಚರಣ್ ತೇಜ.
ಮುಟ್ಟದೆ ಹೊಡೆಯಬಹುದು. ಚಾಟಿಗೆ ಮೈಲಿಗೆಯಿಲ್ಲ.
ಗುಂಡಿಯ ಗುರುತು ಒಂಬತ್ತು,
ನಾನು ಎಣಿಸಿದೆ, ಬೆನ್ನಿಗೆ ಬೆರಳು ತಾಗಿಸದೆ.
ಆಮೇಲೆ ತಲಾ ಒಂದು ರೂಪಾಯಿ ಎಸೆದು
ಕೈ ತೊಳೆದು ಗಣಿತಕ್ಕೆ ಬಂದು ಕೂತಿದ್ದರು.

ಚರಣನ ತಾಯಿ ಬಂದಳು, ಉಗುರ ಸಂದಿಯಲ್ಲಿ ನೀಲಿ ಬಣ್ಣ.
ಕೂರು ಎಂದರೂ ಕೂರಲಿಲ್ಲ.
ಅವನು ಯಾರ ಮಗ ಅಂತ ನಿಮಗ್ಯಾರು ಹೇಳಿದ್ದು, ಎಂದೆ ನಾನು,
ಅಣ್ಣಂದಿರೋ, ಕಟ್ಟೆಯ ಮೇಲಿನವರೋ, ಯಾರ ಹೆಸರು ಬರುತ್ತದೋ ಎಂದು.
ಹುಡುಗ ತಲೆ ಎತ್ತಿ ನನ್ನನ್ನೇ ನೋಡಿದ.
'ನೀವಾ ಟೀಚರ್.'

ಜುಲೈ. ಸ್ಕಾಲರ್‌ಶಿಪ್ ಫಾರಂ. ಕೊನೆಯ ದಿನ, ಸರ್ವರ್ ಬೇರೆ ಸತ್ತಿತ್ತು.
ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ರಿ.
ಅದರಾಗ ಯಾವುದೋ ನಿಂದು?
ಪೆನ್ನು ಎತ್ತಿ ಹಿಡಿದೇ ಕೇಳಿದ್ದೆ.
'ದುರುಗಮುರುಗಿ.'
ಹಿಂದಿನ ಬೆಂಚು ಬುರ್ರ್ ಎಂದಿತು, ಕ್ಲಾಸು ನಕ್ಕಿತು.
ಡಸ್ಟರ್ ಬಡಿದೆ, ನಿಜ.
ಬಡಿಯುವ ಮುಂಚೆ ನನ್ನ ತುಟಿ
ಚೂರು ಸಡಿಲಾಗಿತ್ತು. ಅದೂ ನಿಜ.
ನದಿಗಳ ಹೆಸರು ಮರೆಯುವ ಮಕ್ಕಳು
ಅದನ್ನು ಮರೆತಿಲ್ಲ.

ಎಂಟನೇ ದಿನ ಅವನಪ್ಪ ಬಂದ.
ಪೆಟ್ಟಿಗೆಯನ್ನು ಗೇಟಿನಾಚೆ ಬೇವಿನ ಬುಡಕ್ಕೆ ಇಳಿಸಿ
ನನ್ನ ಮೇಜಿನ ಮೇಲೆ ಐದು ನಾಣ್ಯ ಜೋಡಿಸಿದ.
'ನಾ ಹೊಡ್ಕೊಂಡಾಗ ಬಿದ್ದದ್ದು ನಂದವ್ವ.
ಇದು ನಮ್ದಲ್ಲ.'
ಮಗನ ಅಂಗಿಯೊಳಗೆ ಹೊಸ ಬನಿಯನ್, ದಪ್ಪನೆಯದು,
ಸೆಕೆಯ ಬಳ್ಳಾರಿಯಲ್ಲಿ.
'ಎಲ್ಲಿ ಕುಂದ್ರತಾನ ಅನ್ನೋದು ಅವನ್ನಾ ಕೇಳ್ರಿ.'

ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ.
ಮುಬೀನಾ ಬ್ಯಾಗು ಸರಿಸಿದಳು.
ಅಷ್ಟೇ.

ಪೆನ್ಸಿಲಿನಲ್ಲಿ ಬರೆದಿದ್ದ 'ಗಲಾಟೆ' ಅಳಿಸಿ
ಆದದ್ದನ್ನು ಪೆನ್ನಿನಲ್ಲಿ ಬರೆದೆ, ಷರಾ ಕಲಮಿನ ಒಳಕ್ಕೂ ನುಗ್ಗಿತು.
ಹೆಸರುಗಳು: ಒಂದರಿಂದ ಐದು.
ಸ್ಕೇಲಿಟ್ಟು ಆರನೆಯ ಗೆರೆಯನ್ನೂ ಎಳೆದೆ.

ಆ ನಾಣ್ಯಗಳಿಗೆ ಯಾವ ಖಾತೆಯೂ ಇಲ್ಲ.
ಚಾಕ್‌ಪೀಸ್ ಡಬ್ಬಿಯಲ್ಲಿವೆ.
ಕೈ ಹಾಕಿದಾಗೆಲ್ಲ ಒಂದಕ್ಕೊಂದು ತಾಗುತ್ತವೆ.
ಪೋತಲಿಂಗ ತಲೆ ಎತ್ತುವುದಿಲ್ಲ, ಬರೆದುಕೊಳ್ಳುತ್ತಿರುತ್ತಾನೆ.
ಚರಣ ಎತ್ತುತ್ತಾನೆ.